ನೆನೆಸದ ಗಾಲಿ

ಎಂಬತ್ತೆರಡರ ಬೇಸಿಗೆ. ಚನ್ನಗಿರಿ ಬಸ್ ನಿಲ್ದಾಣದ ಬೆಂಚಿನಲ್ಲಿ ಶಿವಗಂಗಮ್ಮ ನಿದ್ದೆಹೋದ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತ್ಯಾವಣಿಗೆ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಎತ್ತಿನಗಾಡಿಗೆ ಗಾಲಿ ಮಾಡಿಕೊಡುತ್ತಿದ್ದ ಮೌಲಾಸಾಬರು ಕೂತಿದ್ದರು. ಸಾಬರನ್ನು ಕಂಡು ಹತ್ತಿರ ಬಂದ ಪಂಚಾಕ್ಷರಪ್ಪ ಎದುರಿಗೆ ನಿಂತ; ಇಬ್ಬರ ಮಾತು ಶಿವಗಂಗಮ್ಮನ ಕಿವಿಗೂ ಬಿತ್ತು.

“ಕೂತ್ಕಳ್ರಿ ಗೌಡ್ರೆ. ಈ ಬೆಂಚು ನಾ ಮಾಡಿದ್ದಲ್ಲ, ಮುರಿಯಲ್ಲ.”

“ಹಂಗನ್ಬ್ಯಾಡ್ರಿ ಸಾಬ್ರೆ. ಆ ಎತ್ತಿನಗಾಡಿ ಓಟದ ಗಾಲಿ ವಿಷ್ಯಾನೇ ಹೇಳಾಕೆ ಬಂದೆ.”

“ಹೋದ ವರ್ಷವೇ ಊರಿಗೆಲ್ಲಾ ಹೇಳಿದ್ರಲ್ಲ, ಸಾಬ ಹಸಿ ಮರ ಹಾಕಿ ಸೋಲಿಸ್ದ ಅಂತ.”

“ಮರ ಚೆನ್ನಾಗೇ ಒಣಗಿತ್ತು. ತಪ್ಪು ನಂದು. ಓಟದ ಹಿಂದಿನ ದಿನ ಗಾಲಿನ ಕೆರೇಲಿ ನೆನೆಸಲಿಲ್ಲ.”

ಸಾಬರು ಹಚ್ಚಲು ತೆಗೆದ ಬೀಡಿಯನ್ನು ಮತ್ತೆ ಜೇಬಿಗೆ ಹಾಕಿದರು.

“ಬಿಸಿಲಿಗೆ ಮರ ಕುಗ್ಗಿರ್ತೈತೆ, ನೆನೆಸಿದ್ರೇ ಗಾಲಿ ಸುತ್ತಿನ ಕಬ್ಬಿಣದ ಹಳಿ ಬಿಗಿಯಾಗಿ ಹಿಡಿಯೋದು ಅಂತ ಎಷ್ಟು ಸಲ ಹೇಳಿದ್ದೆ!”

“ನೀರು ಕುಡಿದ್ರೆ ಭಾರ ಆಗ್ತದೆ, ಎತ್ತು ಹಿಂದೆ ಬೀಳ್ತವೆ ಅಂದ್ಕಂಡೆ. ಅರ್ಧ ದಾರೀಲೇ ಹಳಿ ಕಳಚ್ಕಂಡು ಹೋತು.”

“ಗಾಲಿ ಒಳಗಿನ ಒಂದೊಂದು ಅರಾನೂ ಕೆತ್ತಿ ಕೆತ್ತಿ ಹೂವಿನಂಗೆ ಹಗುರ ಮಾಡಿದ್ದೆ. ಆಮೇಲೆ ಓಟದೋರು ಒಬ್ರೂ ನನ್ನ ಬಾಗ್ಲಿಗೆ ಬರ್ಲಿಲ್ಲ.”

“ಈ ಸಲ ಓಟದ ದಿನ ಮೈಕಲ್ಲೇ ತಪ್ಪು ಒಪ್ಕಂತೀನಿ. ಇನ್ನೊಂದ್ ಜೊತೆ ಗಾಲಿ ಮಾಡ್ಕೊಡ್ರಿ.”

“ಉಳಿ, ಬಾಚಿ ಎಲ್ಲಾ ಮಾರ್ಬಿಟ್ಟೆ. ಈಗ ಶಿವಮೊಗ್ಗದ ಮಿಲ್ಲಲ್ಲಿ ಮರ ಹೊರ್ತೀನಿ.”

ಶಿವಮೊಗ್ಗದ ಬಸ್ಸು ಬಂದು ನಿಂತಿತು. ಸಾಬರು ಚೀಲ ಹಿಡಿದು ಮೆಟ್ಟಿಲು ಹತ್ತಿ ತಿರುಗಿದರು.

“ಆದ್ರೂ ಮೈಕಲ್ಲಿ ಹೇಳ್ರಿ ಗೌಡ್ರೆ. ಗಟ್ಟಿಯಾಗಿ ಹೇಳ್ರಿ. ನನ್ನ ಮನೆಯಾಕಿ ಊರಲ್ಲೇ ಅದಾಳೆ, ಕೇಳಿಸ್ಕಳ್ಳಿ.”