ಪೂಜೆಯಾದ ಮಣ್ಣೆತ್ತು

ಮೆಲ್ಲಗೆ, ಅಕ್ತರ್ ಭಾಯ್... ಹೂಂ, ಬಾಕ್ಸು ಖಾಲಿ. ಗೊತ್ತು ನನಗೆ. ಮುಚ್ಚಿಬಿಡಿ ಅದನ್ನ.

ಮೊದಲು ಈ ಗೋಡೆ ನೋಡಿ. ನಮ್ಮ ಶಾಂಭವಿ ಮೇಡಮ್ಮು ಲೋಕದ ದನಗಳ ಪಟಗಳನ್ನೆಲ್ಲ ಪ್ರದರ್ಶನಕ್ಕೆ ಅಂತ ಇಂದಿರಾನಗರದ ಈ ಹಾಲ್‌ನಲ್ಲಿ ನೇತುಹಾಕಿದ್ದಾರೆ. ಇದು ಗುಹೆಯೊಳಗೆ ಬರೆದ ಗೂಳಿಯಂತೆ. ಇದು ಈಜಿಪ್ಟಿನ ಆಕಳು, ಕೊಂಬಿನ ನಡುವೆ ಸೂರ್ಯ. ಇದು ಸ್ಪೇನಿನದು... ಪಾಪ, ಬೆನ್ನ ತುಂಬ ಈಟಿ. ಕಾವಲಿಗೆ ನಾನೊಬ್ಬನೇ. ಎಲ್ಲವೂ ನನ್ನನ್ನೇ ನೋಡುತ್ತವೆ, ಭಾಯ್! ಯಾಕೆ ನಗ್ತೀರಿ?

"ನಿಂಗಣ್ಣ, ನಿಮ್ಮ ಯಾದಗಿರಿ ಕಡೆಯದೂ ಇರಲಿ, ಮಣ್ಣೆತ್ತು ಮಾಡಿಕೊಡು" ಅಂದರು. ಮಣ್ಣೆತ್ತಿನ ಅಮಾವಾಸ್ಯೆ ದಿನವೇ ಅವರ ಬೆನ್ಸನ್ ಟೌನ್ ಮನೆ ಅಂಗಳದಲ್ಲಿ ಕೂತು ಜೋಡಿ ಮಾಡಿದೆ. ಸುಡದ ಹಸಿ ಮಣ್ಣು. ಮಾಡಿ ಸುಮ್ಮನಿರಬೇಕಿತ್ತು... ಕೈ ಕೇಳಲಿಲ್ಲ. ಅರಿಶಿನ ಹಚ್ಚಿದೆ, ಹೋಳಿಗೆ ಎಡೆ ಇಟ್ಟೆ, ಕೈ ಮುಗಿದೆ. ಪೂಜೆಯಾದ ಎತ್ತನ್ನು ನೀರಿಗೆ ಬಿಡಲೇಬೇಕು, ಭಾಯ್. ಗಾಜಿನೊಳಗಿಟ್ಟು ಒಣಗಿಸಿದರೆ ಮನೆಗೆ ಆಗೋದಿಲ್ಲ. ಬೈಯಪ್ಪನಹಳ್ಳಿ ರೂಮಿನಲ್ಲಿ ನನ್ನ ಹೆಂಡತಿ ಅಯ್ಯಮ್ಮ ತುಂಬು ಬಸುರಿ. "ಬೆಳಗಿನಿಂದ ಕೂಸು ಅಲುಗಿಲ್ಲ" ಅಂತ ಫೋನ್ ಮಾಡಿದಳು.

ಮೇಡಮ್ಮು ನಿಮಗೆ ಓಡಿಸೋಕೆ ಕೊಟ್ಟ ಲಗೇಜ್ ಆಟೋದಲ್ಲಿ ನೀವು ಇಲ್ಲಿಗೆ ತಂದಿಳಿಸಿದ ಬಾಕ್ಸಿನಿಂದ ಜೋಡಿ ತೆಗೆದೆ, ಹಲಸೂರು ಕೆರೆಗೆ ಬಿಟ್ಟು ಬಂದೆ. ದೇವರಾಣೆ, ಹೊತ್ತು ಮುಳುಗೋದರೊಳಗೆ ಕೂಸು ಒದೀತು! ಹೀಗಿರುವಾಗ ತಪ್ಪು ಅಂತೀರಾ? ಹೇಳಿ... ಅನ್ನಲ್ಲ ಅಲ್ವಾ?

ಮೇಡಮ್ಮಾ? ಹೂಂ, ಕೇಳಿದರು. ಎತ್ತೆಲ್ಲಿ ಅಂದರು. ಕೆಲಸ ಹೋದರೆ ಹೆರಿಗೆ ಹೊತ್ತಿಗೆ ನಾನು ಎಲ್ಲಿಗೆ ಹೋಗಲಿ? ಒಡೆದಿತ್ತು, ಚೂರು ಕಸಕ್ಕೆ ಹಾಕಿದೆ ಅಂದೆ. ಅಷ್ಟೇ. ಎಲ್ಲಿ ಒಡೆಯಿತು ಅಂತ... ದಾರಿಯಲ್ಲಿ ಅಂದಿರಬೇಕು. ದಾರಿ ಅಂದೆ, ಭಾಯ್! ಯಾರ ಹೆಸರೂ ಎತ್ತಲಿಲ್ಲ ನಾನು.

ಚಹಾ ತರಲಾ? ಬೇಡವಾ? ಬೈಯಿರಿ ಬೇಕಾದರೆ. ಹಾಗೆ ನೋಡಬೇಡಿ, ಆ ಈಟಿ ತಿಂದ ಗೂಳಿಯ ಹಾಗೆ...

ಉಳಿದ ಪಟಗಳನ್ನು ಇವತ್ತು ನೀವೇ ತರಬೇಕಿತ್ತಲ್ಲ. ಎಲ್ಲಿ ನಿಮ್ಮ ಗಾಡಿ? ಅಗೋ, ಗೇಟಿನ ಹತ್ತಿರ ಅದೇ ಗಾಡಿಯಿಂದ ಪಟ ಇಳಿಸ್ತಾ ಇರೋನು... ಯಾರವನು?

ಅಕ್ತರ್ ಭಾಯ್... ಶಿವಾಜಿನಗರದ ಮನೆಯಿಂದ ನಡೆದುಕೊಂಡು ಬಂದ್ರಾ?