ಒಂದೇ ಮಾತು ಉಳಿದ ಯಜಮಾನ

ಮಾತು ಬಲ್ಲವರ ವಿಚಾರ ನಿನ್ನೆಯ ಪ್ರವಚನದಲ್ಲಿ ಆಯಿತು. ಇವತ್ತು ಮಾತು ಹೋದವನೊಬ್ಬನ ಕಥೆ ಕೇಳಿ, ತಾಯಂದಿರೇ, ಅಣ್ಣಂದಿರೇ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಸೀರೆ ನೇಯಿಸುವ ಯಜಮಾನ, ಮನೆಯಲ್ಲೇ ಹನ್ನೆರಡು ಮಗ್ಗ. ಹೆಸರು ಯಾಕೆ, ಯಾವ ಮನೆಯಾದರೂ ಆದೀತು. ಆ ಮನೆಗೊಂದು ರೀತಿ ಇತ್ತು. ಯಜಮಾನ ಒಮ್ಮೆ 'ಹೌದು' ಅಂದರೆ ಮುಗಿಯಿತು, ಎರಡನೇ ಸಲ ಕೇಳುವವರಿಲ್ಲ. ಕೇಳಿದರೆ ಹಿರಿಯರ ಮಾತು ಮೀರಿದ ಹಾಗೆ. ಒಳ್ಳೆಯ ಮಕ್ಕಳು ನೋಡಿ, ವಿನಯ ಇದ್ದವರು. ಆ ವಿನಯವೇ ಮುಂದೆ ಮುಳುವಾಯಿತು.

ಒಂದು ಮುಂಜಾನೆ ವಿಭೂತಿ ಹಚ್ಚಿಕೊಳ್ಳುವಾಗ ಯಜಮಾನನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸೋತವು. ಡಾಕ್ಟರು ಜೀವ ಉಳಿಸಿದರು, ಆದರೆ ಮಾತು ಹೋಯಿತು. ಪೂರ್ತಿ ಹೋಗಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಒಂದೇ ಒಂದು ಮಾತು ಉಳಿಯಿತು. ಯಾವುದು ಹೇಳಿ? 'ಹೌದು.' ನೀರು ಬೇಕಾದರೂ ಹೌದು, ಬೆನ್ನು ನೊಂದರೂ ಹೌದು.

ಮೂರು ತಿಂಗಳಾದ ಮೇಲೆ ಹಿರಿಯ ಮಗ ಕಾಲ ಬಳಿ ಕೂತು ಕೇಳಿದ, "ಅಪ್ಪಾ, ತಂಗಿಗೆ ಗಂಡು ಬಂದೈತ್ರಿ. ಚಲೋ ಮಂದಿ. ಮಾತು ಕೊಡೋಣೇನ್ರಿ?"

"ಹೌದು," ಅಂದ ಯಜಮಾನ. ಕಣ್ಣಲ್ಲಿ ನೀರು ಬಂತು. ಅದು ಸಂತೋಷದ ಕಣ್ಣೀರು ಎಂದು ಕೂತವರು ಅಂದುಕೊಂಡರು.

ಕಿರಿಯ ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬಿ.ಎಡ್. ಸೇರಿ ಆರು ತಿಂಗಳಾಗಿತ್ತು. ಓದು ಮುಗಿಯುವ ತನಕ ಮದುವೆಯ ಮಾತಿಲ್ಲ ಎಂದು ಅವಳಿಗೆ ಭಾಷೆ ಕೊಟ್ಟವನೇ ಈ ಅಪ್ಪ. ಅವಳಿಗೆ ದುಃಖ ಒತ್ತರಿಸಿ ಬಂತು. ಆದರೂ ಎರಡನೇ ಸಲ ಕೇಳಲಿಲ್ಲ. ನಿಶ್ಚಿತಾರ್ಥದ ಸೀರೆ ಅವರದೇ ಮಗ್ಗಕ್ಕೆ ಏರಿತು.

ಇನ್ನು ಎಂಟು ದಿನ ಇದೆ ಎನ್ನುವಾಗ ಅಣ್ಣ, ತಂಗಿ ಇಬ್ಬರೂ ಅಪ್ಪನನ್ನು ಮಾತಿನ ಚಿಕಿತ್ಸೆ ಮಾಡುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕ ಬಿಡದೆ ಮಾತಾಡುತ್ತಿದ್ದ. ಒಂದಕ್ಕೂ ತಲೆಬುಡ ಇಲ್ಲ. ಇವನಿಗಾದರೂ ಮಾತು ಬರುತ್ತದಲ್ಲ ಎಂದು ಮಗಳು ನಿಟ್ಟುಸಿರು ಬಿಟ್ಟಳು.

ಡಾಕ್ಟರಮ್ಮ ಹೇಳಿದಳು, "ಎಲ್ಲಾರದೂ ಒಂದ ನಮೂನಿ ಇರಂಗಿಲ್ಲವ್ವಾ. ಆ ಅಜ್ಜಗ ಮಾತು ಹರೀತಾವ, ನಾವು ಅಂದದ್ದು ತಿಳಿಯಂಗಿಲ್ಲ. ಕೆಲವ್ರಿಗೆ ಎಲ್ಲಾ ಬರ್ತೈತಿ, ವಸ್ತುವಿನ ಹೆಸರಷ್ಟ ನಾಲಿಗಿಗೆ ಸಿಗಂಗಿಲ್ಲ. ನಿಮ್ಮಪ್ಪಾರಿಗೆ ಏನ್ ಉಳದೈತಿ ನೋಡೂಣು." ಆಮೇಲೆ ಯಜಮಾನನ ಕಡೆ ತಿರುಗಿದಳು. "ಯಜಮಾನ್ರ, ನೀವು ಹೆಂಗಸರೇನ್ರಿ?"

"ಹೌದು."

ಮಗ ನಕ್ಕುಬಿಟ್ಟ. ಮಗಳು ನಗಲಿಲ್ಲ.

ಡಾಕ್ಟರಮ್ಮ ಒಂದು ಹಲಗೆ ಇಟ್ಟಳು. ಒಂದು ಕಡೆ ಸರಿ ಗುರುತು, ಇನ್ನೊಂದು ಕಡೆ ತಪ್ಪಿನ ಗುರುತು. "ಬಾಯಿ ಏನರ ಅನ್ನಲಿ ಬಿಡ್ರಿ. ಎಡಗೈ ಬೆರಳಿಂದ ತೋರಸ್ರಿ," ಎಂದು ಅದೇ ಪ್ರಶ್ನೆ ಕೇಳಿದಳು. ಬಾಯಿ 'ಹೌದು' ಅಂದಿತು. ಬೆರಳು ನಿಧಾನವಾಗಿ ಸರಿದು ತಪ್ಪಿನ ಗುರುತಿಗೆ ಹೋಯಿತು. ಇನ್ನೂ ನಾಲ್ಕು ಪ್ರಶ್ನೆ ಕೇಳಿದಳು, ಒಂದೂ ತಪ್ಪಲಿಲ್ಲ.

ಆಗ ಮಗಳು ಅಪ್ಪನ ಎದುರು ನೆಲದ ಮೇಲೆ ಕೂತು, ಆ ಮನೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಎರಡನೇ ಸಲ ಕೇಳಿದಳು. "ಅಪ್ಪಾ, ನನ್ನ ಮದುವಿ ಈಗ ಮಾಡೋದು ನಿಮಗ ಒಪ್ಪಿಗಿ ಐತೇನ್ರಿ?"

ಬಾಯಿ 'ಹೌದು' ಅಂದಿತು. ಬೆರಳು ತಪ್ಪಿನ ಗುರುತಿನ ಮೇಲೆ ಕೂತಿತು. ಒತ್ತಿ ಹಿಡಿದ ಬೆರಳನ್ನು ಅವನು ತೆಗೆಯಲೇ ಇಲ್ಲ.

ಹಿರಿಯ ಮಗ ಅಪ್ಪನ ಕಾಲು ಹಿಡಿದು ಅತ್ತ. ಅವತ್ತೇ ಗಂಡಿನ ಮನೆಗೆ ಹೋಗಿ ಕೈಮುಗಿದ. ಅವರು ಬೈದರು. ಬೈಸಿಕೊಂಡು ಬಂದ.

ಆಮೇಲೆ ದಿನಾ ಅಭ್ಯಾಸ. ಚಿತ್ರ ತೋರಿಸಿ ಹೆಸರು ಹೇಳಿಸುವುದು, ಜೋಗುಳದ ಧಾಟಿಯಲ್ಲಿ 'ನೀರು ಬೇಕು' ಅಂತ ಹಾಡಿಸುವುದು. ಮಗಳು ಸಣ್ಣ ಸಣ್ಣ ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಿದ್ದಳು. ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಎರಡನೇ ರೊಟ್ಟಿ ನೀಡಲು ಹೋದಾಗ ಯಜಮಾನ ತಡೆದು ತಡೆದು, "ಬ್ಯಾ... ಬ್ಯಾಡ," ಅಂದ. ನೋಡಿ, ಆ ಮನೆಯವರು ಓಣಿಗೆಲ್ಲ ಸಕ್ಕರೆ ಹಂಚಿದರು. 'ಬೇಡ' ಅಂದದ್ದಕ್ಕೆ ಸಕ್ಕರೆ ಹಂಚಿದ ಮನೆ ನೀವು ಎಲ್ಲಾದರೂ ಕಂಡಿದ್ದೀರಾ?

ಲಕ್ವಾ ಹೊಡೆದವರಿಗೆ ಮಾತು ಹೋದರೆ ಬುದ್ಧಿಯೂ ಹೋಯಿತು ಅನ್ನಬೇಡಿ. ಕರ್ಮ ಅಂತಲೂ ಅನ್ನಬೇಡಿ, ಅದು ಮೆದುಳಿಗೆ ಆದ ಗಾಯ. ತಡಮಾಡದೆ ದವಾಖಾನೆಗೆ ಕರೆದೊಯ್ಯಿರಿ. ಅವರು ತಡವರಿಸುವಾಗ ಅವರ ಮಾತನ್ನು ನೀವು ಮುಗಿಸಬೇಡಿ.

ಇನ್ನೊಂದು ಮಾತು, ಸ್ವಲ್ಪ ಕಹಿ ಇದೆ. ಲಕ್ವಾ ಹೊಡೆಯದೆಯೇ ಒಂದೇ ಮಾತಿಗೆ ಇಳಿದವರು ನಿಮ್ಮ ಮನೆಯಲ್ಲಿ ಎಷ್ಟು ಜನ? ಸೊಸೆ ಏನು ಕೇಳಿದರೂ 'ಹೂಂರಿ' ಅಂತಾಳೆ. ಹೆಂಡತಿ ಇಪ್ಪತ್ತು ವರ್ಷದಿಂದ 'ನಿಮ್ಮ ಇಷ್ಟ' ಅಂತಾಳೆ. ಒಪ್ಪಿದರು ಅಂತ ನೀವು ಎದ್ದು ಹೋಗುತ್ತೀರಿ. ಅವರ ಬೆರಳು ಎಲ್ಲಿದೆ, ಯಾವತ್ತಾದರೂ ನೋಡಿದ್ದೀರಾ?

ಇವತ್ತು ಪ್ರಸಾದ ಮುಗಿಸಿ ಮನೆಗೆ ಹೋಗಿ ಅಂಥ ಒಬ್ಬರ ಎದುರು ಕೂತುಕೊಳ್ಳಿ. ಟಿವಿ ಆರಿಸಿ. ಎರಡನೇ ಸಲ ಕೇಳಿ. ಉತ್ತರ ಬರುವ ತನಕ ಸುಮ್ಮನಿರಿ, ಎಷ್ಟು ಹೊತ್ತಾದರೂ ಸರಿ. 'ಬೇಡ' ಎಂಬ ಉತ್ತರ ಬಂದರೆ ಮುಖ ಊದಿಸಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಗೊತ್ತಿದೆ ತಾನೇ? ಎದ್ದು ಹೋಗಿ ತನ್ನಿ.