ಖಾಲಿಯಾದ ಕೆರೆ ಮೆಟ್ಟಿಲು

೧೯೭೮ರ ಒಂದು ಸೋಮವಾರ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ರಾಜೇಶ್ವರಮ್ಮ ಸೊರಬದ ಬಸ್ಸಿಗೆ ಕಾಯುತ್ತಿದ್ದಳು. ಬೆನ್ನ ಹಿಂದಿನ ಬೆಂಚಿನಲ್ಲಿ ಇಬ್ಬರು ಗಂಡಸರು. ಒಬ್ಬನ ಮುಖ ಅರಿಶಿನದಷ್ಟು ಹಳದಿ.

“ಭಾವಾ, ಶಿವಮೊಗ್ಗದ ಡಾಕ್ಟರು ಕಾಗದ ಬರೆದಿದಾರೆ. ಮೂರು ವಾರದಿಂದ ಇಂಜೆಕ್ಷನ್ನಿಗೆ ನೀವು ಹೋಗೇ ಇಲ್ಲಂತೆ.”

“ಇಲ್ಲ ಮಹೇಶ.”

“ಮತ್ತೆ ಬಸ್ ಹತ್ತಿ ಎಲ್ಲಿಗೆ ಹೋಗ್ತಿದ್ರಿ?”

“ಗುಡವಿಗೆ. ಸಂಜೆ ತನಕ ಕೂತು ಹಕ್ಕಿ ನೋಡ್ತಿದ್ದೆ.”

“ಮೇದೋಜೀರಕದ ಕ್ಯಾನ್ಸರ್ ರೀ ಅದು! ಹಕ್ಕಿ ನೋಡಿದ್ರೆ ವಾಸಿಯಾಗ್ತದಾ?”

“ಇಂಜೆಕ್ಷನ್ನಿಗೂ ಆಗಲ್ಲ. ನಾಲ್ಕು ದಿನ ಹೆಚ್ಚಿಗೆ ಬದುಕಬಹುದು, ಅಷ್ಟೇ.”

“ಆ ನಾಲ್ಕು ದಿನ ನಮ್ಮಕ್ಕಂಗೆ ಬೇಡ್ವಾ?”

“ಚುಚ್ಚಿಸ್ಕೊಂಡು ಬಂದ್ರೆ ಹಾಸಿಗೆ ತುಂಬ ವಾಂತಿ. ಅದನ್ನ ಒಗೆಯಕ್ಕೆ ಅವಳು ಕೆರೆಗೆ ಹೋದ್ರೆ, ರೋಗ ಅಂಟ್ತದೆ ಅಂತ ಉಳಿದ ಹೆಂಗಸ್ರು ಎದ್ದು ಹೋಗ್ತಾರೆ. ಜಗದಾಂಬ ಅಳ್ತಾ ಮನೆಗೆ ಬರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ ಕಣೋ.”

ಹೆಸರು ಕಿವಿಗೆ ಬಿದ್ದದ್ದೇ ರಾಜೇಶ್ವರಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಅವತ್ತು ಕೆರೆ ಮೆಟ್ಟಿಲಿನಿಂದ ಬಕೆಟ್ಟು ಎತ್ತಿಕೊಂಡು ಮೊದಲು ಎದ್ದು ಹೋದವಳು ಅವಳೇ. ಗಾಬರಿಯಲ್ಲಿ ಮಡಿಲಿನ ಚೀಲ ಜಾರಿ ಬಿತ್ತು.

ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಬಂತು. ಭಾವಮೈದುನನ ತೋಳು ಹಿಡಿದು ಎದ್ದ ರೋಗಿ ಬಗ್ಗಿ ಚೀಲವನ್ನೆತ್ತಿದ. ಅವಳು ಕೈ ಚಾಚುವ ಮೊದಲೇ ಅದನ್ನು ಬೆಂಚಿನ ತುದಿಯಲ್ಲಿಟ್ಟ.

“ಇಲ್ಲಿಟ್ಟಿದೀನಿ ತಾಯಿ. ಹಿಡಿಕೆ ಮುಟ್ಟಿಲ್ಲ,” ಎಂದು ಹೇಳಿ ಬಸ್ಸಿನ ಕಡೆ ನಡೆದ.